ಬುಧವಾರದ ಪಿಸ್ತೂಲು

ಬೆಳಕು ಹರಿಯುವ ಮುಂಚೆ ವರ್ನಾಳಿಗೆ ಇಷ್ಟು ಕೆಲಸವಿರುತ್ತಿತ್ತು: ನೆಲಮಾಳಿಗೆಗೆ ಇಳಿದು ಮನೆ ಬೆಚ್ಚಗಿಡುವ ಒಲೆಗೆ ಸೌದೆ ತುಂಬುವುದು, ಕಾಫಿ ಇಡುವುದು, ಅತ್ತೆಯನ್ನು ಎಡಮಗ್ಗುಲಿಂದ ಬಲಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪುಡಿ ಹಾಕುವುದು, ಒದ್ದೆ ಹಾಸು ತೆಗೆದು ಮೆಷಿನ್ನಿಗೆ ತುರುಕುವುದು, ಮಾತ್ರೆ ಅರೆದು ಬೇಯಿಸಿದ ಸೇಬಿನಲ್ಲಿ ಕಿವುಚುವುದು, ಗಂಡ ಡೆಲ್‌ನ ಊಟದ ಡಬ್ಬಿ ಕಟ್ಟುವುದು, ಅವನ ಬೂಟುಗಳನ್ನು ಒಲೆಯ ಹತ್ತಿರ ಬೆಚ್ಚಗಿಡುವುದು, ನಾಯಿಯನ್ನು ಹೊರಗೆ ಬಿಡುವುದು, ಮತ್ತೆ ಒಳಗೆ ಕರೆಯುವುದು.

ಜನವರಿಯಲ್ಲಿ ಅತ್ತೆ ಓಪಲ್ ತೀರಿಕೊಂಡಳು. ಅವಳ ಆರೈಕೆಯ ಕೆಲಸಗಳು ಹೋದವು. ವರ್ನಾ ಮಾತ್ರ ಅದೇ ಹೊತ್ತಿಗೆ ಏಳುತ್ತಿದ್ದಳು. ಎದ್ದು ಖಾಲಿ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಬಾಡಿಗೆಗೆ ತಂದಿದ್ದ ಆಸ್ಪತ್ರೆಯ ಮಂಚವನ್ನು ಒಯ್ದಾಗಿತ್ತು. ನೆಲಗಂಬಳಿಯ ಮೇಲೆ ಅದರ ಗಾಲಿಗಳು ಒತ್ತಿದ ಗುಳಿಗಳಿದ್ದವು. ಅಳು ಬರುತ್ತದೇನೋ ಎಂದು ಕಾದು, ಬಾರದಿದ್ದಾಗ ಕಾಫಿ ಇಡಲು ಹೋಗುತ್ತಿದ್ದಳು.

ಸಾವಿನ ಮನೆಗೆ ಬಂದವರು ಬೇಯಿಸಿದ್ದನ್ನು ಪಾತ್ರೆ ಪಾತ್ರೆ ತಂದಿದ್ದರು. ಆ ಪಾತ್ರೆಗಳನ್ನೆಲ್ಲ ತೊಳೆದು, ಯಾವುದು ಯಾರದೆಂದು ನೆನಪಿಟ್ಟು ಹಿಂದಿರುಗಿಸುವುದೂ ವರ್ನಾಳ ಪಾಲಿಗೇ ಬಂತು. "ನೀನು ಮಾಡಿದಷ್ಟು ಹೆತ್ತ ಮಕ್ಕಳೂ ಮಾಡಲ್ಲ ಕಣೇ" ಎಂದಳು ನಾದಿನಿ, ಹೆತ್ತ ಮಗಳು. "ಇನ್ನಾದ್ರೂ ಸ್ವಲ್ಪ ಹಗುರಾಗು."

ಹಗುರಾದ ಹೊತ್ತನ್ನು ಡೆಲ್ ಒಂದೇ ವಾರದಲ್ಲಿ ತುಂಬಿಬಿಟ್ಟ. ಊರಾಚೆಯ ಶೂಟಿಂಗ್ ಕ್ಲಬ್ಬಿನಲ್ಲಿ ಚಳಿಗಾಲದ ಬುಧವಾರಗಳಂದು ಪಿಸ್ತೂಲಿನ ಗುರಿ ಪಂದ್ಯ ನಡೆಯುತ್ತಿತ್ತು. ಡೆಲ್ ಒಂದು ತಂಡದಲ್ಲಿದ್ದ. ಗಂಡಸರು ಗುಂಡು ಹೊಡೆಯುವರು, ಹೆಂಡಂದಿರು ಪಕ್ಕದ ಅಡುಗೆಮನೆಯಲ್ಲಿ ಮಾಂಸ ಬೀನ್ಸು ಬೇಯಿಸುವರು. "ಮನೇಲಿ ಒಬ್ಳೇ ಕೂತು ಏನ್ ಮಾಡ್ತೀಯ?" ಎಂದು ಡೆಲ್ ಕ್ಲಬ್ಬಿನ ಅಡುಗೆಮನೆಯ ಕೀಲಿಯನ್ನು ಅವಳ ಕೀಲಿಗೊಂಚಲಿಗೆ ಸೇರಿಸಿದ.

ಒಂದು ಬುಧವಾರ ಎಮೆಟ್ ಅಡುಗೆಮನೆಯ ಬಾಗಿಲಿಗೆ ಬಂದ. ಪೇಟೆಯಲ್ಲಿ ಬಂದೂಕಿನ ಅಂಗಡಿ ಇಟ್ಟಿದ್ದ ಮುದುಕ, ಡೆಲ್ ಇದ್ದ ತಂಡಕ್ಕೆ ನಾಯಕ.

"ವರ್ನಾ, ಆ ಸೌಟು ಕೆಳಗಿಡಮ್ಮ. ನಮ್ಮ ನಾಲ್ಕನೆಯವನು ಜ್ವರ ಅಂತ ಮಲ್ಗಿದಾನೆ. ಬಂದು ಸುಮ್ನೆ ಹೊಡಿ, ಲೆಕ್ಕಕ್ಕೊಂದು ತಲೆ ಬೇಕು."

"ಬೀನ್ಸ್ ತಳ ಹಿಡಿಯುತ್ತೆ."

"ಹಿಡೀಲಿ ಬಿಡು. ಹೆಂಗೂ ಡೆಲ್ ತಿಂತಾನೆ."

ಹೊಸಬರಿಗೆಂದು ಕ್ಲಬ್ಬು ಇಟ್ಟಿದ್ದ ಪಿಸ್ತೂಲನ್ನು ಕೈಗಿತ್ತರು. ಒಂದೇ ಕೈ ಚಾಚಿ ಹೊಡೆಯಬೇಕು, ಇನ್ನೊಂದು ಕೈ ಜೇಬಿನಲ್ಲಿ. ಕಿವಿಯ ಮೇಲೆ ದಪ್ಪನೆಯ ಮುಚ್ಚಳ. ಗುರಿ ಕಾಗದದ ಕಪ್ಪು ವೃತ್ತದಲ್ಲಿ ಅವಳ ಗುಂಡಿನ ತೂತುಗಳೆಲ್ಲ ಹತ್ತಿರ ಹತ್ತಿರ ಬಿದ್ದವು. "ಡೆಲ್, ಮುಂದಿನ ವಾರ ಸೌಟು ನಿಂಗೇ ಕಣೋ" ಎಂದು ಯಾರೋ ರೇಗಿಸಿದರು. ಡೆಲ್ ಎಲ್ಲರಿಗಿಂತ ಜೋರಾಗಿ ನಕ್ಕ. ಆಮೇಲೆ ತಳ ಹಿಡಿದ ಪಾತ್ರೆಯನ್ನು ವರ್ನಾ ಉಜ್ಜಿದಳು.

ಜ್ವರ ಬಂದವನು ವಾಸಿಯಾದರೂ ಪಂದ್ಯಕ್ಕೆ ಮರಳಲಿಲ್ಲ. ಚಳಿಗಾಲ ಮುಗಿಯುವವರೆಗೆ ಅವಳೇ ಹೊಡೆದಳು. ಗೆದ್ದಾಗ ಖುಷಿಯೇನೂ ಆಗಲಿಲ್ಲ, ಸೋತಾಗ ಬೇಸರವೂ ಆಗಲಿಲ್ಲ. ಆದರೆ ಕೈ ಚಾಚಿ ನಿಂತಷ್ಟು ಹೊತ್ತು ಯಾರೂ ಅವಳನ್ನು ಕೂಗುವಂತಿರಲಿಲ್ಲ. ಕೂಗಿದರೂ ಕೇಳಿಸುತ್ತಿರಲಿಲ್ಲ. ಅಷ್ಟನ್ನು ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಬೇರೆ ಯಾವುದಕ್ಕೂ ಇಲ್ಲದ ಮನಸ್ಸು ಅದೊಂದಕ್ಕೆ ಇತ್ತು.

ಕ್ಲಬ್ಬಿನ ಪಿಸ್ತೂಲು ಒಂದೇ ಚಳಿಗಾಲಕ್ಕೆ. ನವೆಂಬರಿನ ಮೊದಲ ಬುಧವಾರದೊಳಗೆ ಸ್ವಂತದ್ದು ತರಬೇಕು, ಇಲ್ಲವಾದರೆ ಜಾಗ ಮತ್ತೊಬ್ಬರಿಗೆ. ಬೇಸಿಗೆಯ ಕೊನೆಗೆ ವರ್ನಾ ಶಾಲೆಯ ಅಡುಗೆಮನೆಗೆ ಸೇರಿದ್ದಳು. ಆ ಸಂಬಳದಲ್ಲಿ ಹೊಸ ಪಿಸ್ತೂಲು ಬರುವಂತಿರಲಿಲ್ಲ. ಯಾರೋ ಬಳಸಿ ಬಿಟ್ಟದ್ದು ಬರುತ್ತಿತ್ತು. ಅಕ್ಟೋಬರಿನ ಕೊನೆಯ ಶನಿವಾರ ಗಂಡ ಹೆಂಡತಿ ಎಮೆಟ್‌ನ ಅಂಗಡಿಗೆ ಹೋದರು.

"ಆಯ್ಕೆ ಪೂರ್ತಿ ನಿಂದೇ" ಎಂದ ಡೆಲ್, ಗಾಜಿನ ಪೆಟ್ಟಿಗೆಯ ಮೇಲೆ ಬಗ್ಗಿ. "ಎಮೆಟ್, ಆ ಬೆಳ್ಳಿ ಥರ ಹೊಳೀತಿದೆಯಲ್ಲ, ಅದನ್ನ ತೆಗಿ."

ಅದು ಮೋಟು ನಳಿಗೆಯ ರಿವಾಲ್ವರು. ಡೆಲ್ ಅದನ್ನು ವರ್ನಾಳ ಕೈಗಿಟ್ಟು ಅವಳ ಬೆರಳುಗಳನ್ನು ಮಡಿಸಿದ. "ಎಷ್ಟು ಮುದ್ದಾಗಿದೆ ನೋಡು. ಕೈಚೀಲದಲ್ಲಿ ಹಿಡಿಯುತ್ತೆ. ನಾನು ರಾತ್ರಿ ಪಾಳಿಗೆ ಹೋದಾಗ ಮನೆಗೂ ಆಯ್ತು, ಬುಧವಾರಕ್ಕೂ ಆಯ್ತು."

"ಬುಧವಾರಕ್ಕೆ ಆಗಲ್ಲ ಮಾರಾಯ" ಎಂದ ಎಮೆಟ್. "ಐವತ್ತಡಿ ಆಚೆ ಇರೋ ಕಾಗದಕ್ಕೆ ಇದರಿಂದ ಹೊಡಿಯೋದೂ ಒಂದೇ, ಕಲ್ಲು ಬೀರೋದೂ ಒಂದೇ. ಗುರಿ ನೋಡೋಕೆ ನಳಿಗೆ ಮೇಲಿರೋ ಕಣ್ಣನ್ನ ಆಚೆ ಈಚೆ ಸರಿಸೋಕೂ ಬರಲ್ಲ."

"ಇವಳೇನು ದೇಶಕ್ಕೆ ಆಡೋಕೆ ಹೋಗ್ತಾಳಾ?"

ಎಮೆಟ್ ಕೆಳಗಿನ ಖಾನೆಯಿಂದ ಇನ್ನೊಂದನ್ನು ತೆಗೆದ. ಉದ್ದನೆಯ ದಪ್ಪ ನಳಿಗೆ. ಬಣ್ಣ ಸವೆದು ಅಲ್ಲಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಮರದ ಹಿಡಿಯ ಮೇಲೆ ಯಾರದೋ ಹೆಸರಿನ ಎರಡು ಅಕ್ಷರ ಕೆತ್ತಿತ್ತು. "ಬೆಲೆ ಹೆಚ್ಚು ಕಮ್ಮಿ ಅಷ್ಟೇ. ಗುಂಡು ಸಣ್ಣದು, ಅಗ್ಗ. ವಾರವಿಡೀ ಹೊಡೆದ್ರೂ ಮನೆ ಮುಳುಗಲ್ಲ."

"ಅಯ್ಯೋ, ಯಾವ ಮುದುಕನ ಎಂಜಲೋ! ಅದೂ ಅಲ್ದೆ ಈ ಭಾರ ಇವಳ ಕೈಲಿ ಎಲ್ಲಾಗುತ್ತೆ?"

ಅವನ ತಾಯಿಯನ್ನು ದಿನಾ ಎತ್ತಿ ಹೊರಳಿಸಿದ್ದು ಯಾರ ಕೈ ಎಂದು ವರ್ನಾ ಕೇಳಲಿಲ್ಲ. ಕೇಳಬೇಕೆನ್ನಿಸಲೂ ಇಲ್ಲ. ರಿವಾಲ್ವರನ್ನು ವರ್ನಾಳಿಗೆಂದು ಎತ್ತಿಡುವಂತೆ ಡೆಲ್ ಎಮೆಟ್‌ಗೆ ಹೇಳಿದ. ಶುಕ್ರವಾರ ಸಂಬಳವಾದ ಮೇಲೆ ಅವಳೇ ಬಂದು ಒಯ್ಯುತ್ತಾಳೆ ಎಂದ. ಹಿಂದಿರುಗುವ ದಾರಿಯಲ್ಲಿ, "ಅಡುಗೆಮನೆ ಕೀಲಿ ನಿನ್ನ ಹತ್ರಾನೇ ಇರ್ಲಿ. ಬೀನ್ಸ್ ಇಟ್ಟು ಬಂದು ಹೊಡಿ, ಮಧ್ಯೆ ಎದ್ದು ಹೋಗಿ ತಿರುವು. ಎರಡೂ ಆಗುತ್ತೆ" ಎಂದ.

ಶುಕ್ರವಾರ ಶಾಲೆಯ ತಟ್ಟೆಗಳನ್ನು ತೊಳೆದು ಮುಗಿಸಿ ಒಬ್ಬಳೇ ಹೋದಳು. ಎಮೆಟ್ ರಿವಾಲ್ವರನ್ನು ತಂದಿಟ್ಟ.

"ಇನ್ನೊಂದನ್ನೂ ತೋರ್ಸಿ."

ಎಮೆಟ್ ಅವಳ ಮುಖ ನೋಡಿದ. ಹಳೆಯದನ್ನು ತಂದು, ಗುಂಡಿಲ್ಲವೆಂದು ತೆರೆದು ತೋರಿಸಿ, ಒಳಗೆ ಬೆಳಕು ಬೀಳಲೆಂದು ಒಂದು ಬಿಳಿ ಚೀಟಿ ಹಿಡಿದ. "ಮೇಲಿನ ಬಣ್ಣಕ್ಕೆ ದುಡ್ಡು ಕೊಡಬೇಡಮ್ಮ. ನಳಿಗೆ ಒಳಗೆ ನೋಡು."

ಒಳಗಿನ ಸುರುಳಿ ಗೆರೆಗಳು ಎಲ್ಲೂ ತುಕ್ಕಿಲ್ಲದೆ ಹೊಳೆಯುತ್ತಿದ್ದವು.

ಅಂಗಡಿಯ ಹಿಂದೆ ಹೊಡೆದು ನೋಡಲು ಓಣಿಯಂಥ ಕಿರಿದಾದ ಕೋಣೆಯೊಂದಿತ್ತು. ಎಮೆಟ್ ಎರಡನ್ನೂ ಒಂದು ತಟ್ಟೆಯಲ್ಲಿಟ್ಟು ಅಲ್ಲಿಗೆ ತಂದ. ಮೊದಲು ರಿವಾಲ್ವರು. ಟ್ರಿಗರ್ ಉದ್ದಕ್ಕೆ ಎಳೆಯಬೇಕು. ಈಗ ಗುಂಡು ಹಾರುತ್ತದೆ, ಈಗ ಹಾರುತ್ತದೆ ಎಂದು ತಿಳಿಯುತ್ತಲೇ ಇತ್ತು. ತಿಳಿದಂತೆಯೇ ಹಾರಿತು. ಗುಂಡುಗಳು ಕಾಗದದ ತುಂಬ ಚೆದುರಿದವು. ಡೆಲ್ ತನ್ನ ಬೂಟಿಗಾಗಿ ಕೂಗುವುದೂ ಹೀಗೇ. ಕೂಗುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಆಮೇಲೆ ಹಳೆಯದು. ಕೈ ಚಾಚಿದಳು. ಭಾರಕ್ಕೆ ನಳಿಗೆಯ ಅಲುಗಾಟ ನಿಂತಿತು. ಬೆರಳನ್ನು ಒತ್ತುತ್ತ ಹೋದಳು. ಇನ್ನೂ ಒತ್ತುತ್ತಿದ್ದೇನೆ ಎಂದುಕೊಳ್ಳುತ್ತಿರುವಾಗಲೇ ಗುಂಡು ಹಾರಿಬಿಟ್ಟಿತ್ತು.

ವರ್ನಾ ಬೆಚ್ಚಿದಳು. ಎದೆಯೊಳಗೆ ಸಣ್ಣದೇನೋ ಜಿಗಿದು, ಮತ್ತೆ ಸುಮ್ಮನಾಯಿತು. ಜನವರಿಯಿಂದೀಚೆಗೆ ಅಲ್ಲಿ ಏನೂ ಅಲುಗಿರಲಿಲ್ಲ.

"ಬೆಚ್ಚಿಬಿದ್ಯಾ?" ಎಮೆಟ್ ನಕ್ಕ. "ಒಳ್ಳೇ ಟ್ರಿಗರ್ ಅಂದ್ರೆ ಅದೇ. ಯಾವಾಗ ಬಿಡುತ್ತೆ ಅಂತ ಹಿಡಿದವರಿಗೇ ಗೊತ್ತಾಗಬಾರದು."

ಮುಂದೆ ಅಂಗಡಿಯಲ್ಲಿ ಫೋನು ಬಡಿದುಕೊಂಡಿತು. "ಡೆಲ್ಲೇ ಇರ್ಬೇಕು. ಬೆಳಗ್ಗಿಂದ ಎರಡನೇ ಸಲ" ಎನ್ನುತ್ತ ಎಮೆಟ್ ಹೋದ.

ವರ್ನಾ ಉಳಿದ ಗುಂಡುಗಳನ್ನೂ ಹೊಡೆದಳು. ಗುರಿ ಕಾಗದವನ್ನು ಹತ್ತಿರಕ್ಕೆ ತಂದು ನೋಡಲಿಲ್ಲ. ಪಿಸ್ತೂಲನ್ನು ಖಾಲಿ ಮಾಡಿ, ತೆರೆದಿಟ್ಟು, ಕಿವಿಯ ಮುಚ್ಚಳ ತೆಗೆದಳು. ಗೋಡೆಯಾಚೆಯಿಂದ ಎಮೆಟ್‌ನ ದನಿ ಕೇಳುತ್ತಿತ್ತು: "ಇಲ್ಲೇ ಇದಾಳೆ... ಕರೀಲಾ?"

ಜೇಬಿನಿಂದ ಕೀಲಿಗೊಂಚಲು ತೆಗೆದಳು. ಕ್ಲಬ್ಬಿನ ಅಡುಗೆಮನೆಯ ಕೀಲಿ ಬಿಗಿಯಾಗಿ ಕೂತಿತ್ತು. ಉಗುರು ತೂರಿಸಿ ಬಿಡಿಸಬೇಕಾಯಿತು. ರಿವಾಲ್ವರು ಇದ್ದ ತಟ್ಟೆಯಲ್ಲಿ ಅದರ ಪಕ್ಕಕ್ಕೆ ಕೀಲಿಯನ್ನಿಟ್ಟಳು. ಬುಧವಾರ ಬೀನ್ಸ್ ಯಾರು ಇಡುತ್ತಾರೆ ಎಂಬ ಯೋಚನೆ ಅಭ್ಯಾಸಬಲದಿಂದ ಬಂತು. ಅದಕ್ಕೆ ಉತ್ತರ ಹುಡುಕದೆ, ಹಳೆಯ ಪಿಸ್ತೂಲನ್ನು ನಳಿಗೆ ನೆಲಕ್ಕೆ ಮಾಡಿ ಎತ್ತಿಕೊಂಡು ಅಂಗಡಿಯತ್ತ ನಡೆದಳು.