ಒಂದೇ ತಾನಿನ ಆರು ಅಂಗಿ

ನನ್ನ ದೊಡ್ಡತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯಲ್ಲೇ ಎರಡು ಮಷೀನು, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು. ಕೊರಳಲ್ಲಿ ಅಳತೆ ಟೇಪು ಇಲ್ಲದಿದ್ದರೆ ಅವಳಿಗೆ ಏನೋ ಕಳೆದುಕೊಂಡ ಹಾಗೆ. ಕೈಕೆಲಸ ಅಚ್ಚುಕಟ್ಟು, ಬಾಯಿ ಹರಿತ, ಹೊಟ್ಟೆಕಿಚ್ಚಂತೂ ಊರಿಗೆಲ್ಲ ಹಂಚಿ ಮಿಗುವಷ್ಟು. ಇದನ್ನು ಅವಳೆದುರಿಗೇ ಹೇಳಿದ್ದೇನೆ. ನಾದಿನಿಗೆ ಅಷ್ಟೂ ಹಕ್ಕಿಲ್ಲದಿದ್ದರೆ ಹೇಗೆ?

ಈ ಸಲ ಕಿಚ್ಚು ಹತ್ತಿಸಿದ್ದು ಒಂದು ಡಬ್ಬಿ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕತ್ತಿಗೆ, ಪಕ್ಕದ ಬೀದಿಯ ತನ್ನ ಮನೆಗೆ ಫೋಟೋ ತುಂಬಿಸಿಡುವ ಸ್ಟೋರೇಜ್ ಡಬ್ಬಿ ತಂದಳು. ಒಳಗೆ ಎರಡು ಡಿಸ್ಕು. ವೈಫೈಗೆ ಸೇರಿಸಿದರೆ ಎಲ್ಲರ ಫೋನಿನ ಫೋಟೋಗಳೂ ಅದರೊಳಗೆ, ಬೇಕೆಂದಾಗ ಟಿವಿಯ ಮೇಲೆ. ನಾವೆಲ್ಲ ಇದ್ದಬದ್ದದ್ದನ್ನು ಅಲ್ಲಿಗೆ ಸುರಿದು, ಜಾಗವಾಗಲಿ ಎಂದು ಫೋನಿನಿಂದ ಅಳಿಸಿಯೂಬಿಟ್ಟೆವು. ತೀರಿಹೋದ ಅಪ್ಪನ ಫೋಟೋಗಳೂ ಅದರಲ್ಲಿದ್ದವು. ದೊಡ್ಡಣ್ಣನ ಮನೆಯಲ್ಲಿರುವ ಅಮ್ಮ, ಅಪ್ಪನನ್ನು ನೋಡಲೆಂದು ಪ್ರತಿ ಭಾನುವಾರ ಬೆಳಿಗ್ಗೆಯೇ ಚಿಕ್ಕ ಸೊಸೆಯ ಮನೆಗೆ ಹೊರಡತೊಡಗಿದಳು.

"ವಾರವೆಲ್ಲ ನೋಡ್ಕೊಳ್ಳೋದು ನಾನು. ಭಾನುವಾರ ಬಂದ್ರೆ ಅವಳು ಒಳ್ಳೆ ಸೊಸೆ!" ದೊಡ್ಡತ್ತಿಗೆ ಮಷೀನು ತುಳಿದ ರಭಸಕ್ಕೆ ದಾರ ತುಂಡಾಯಿತು. "ಆ ಫೋಟೋಗಳಲ್ಲಿ ಮಾವ ಹಾಕಿರೋ ಅಂಗಿ ಯಾರು ಹೊಲಿದಿದ್ದು? ಕಟಿಂಗಿಂದ ಗುಂಡಿವರೆಗೂ ನಾನು!"

ಈ ಮಾತು ನಮಗೆಲ್ಲ ಬಾಯಿಪಾಠ. ಎಲ್ಲರೂ ಒಂದೇ ಮನೆಯಲ್ಲಿದ್ದಾಗ ಅಪ್ಪನಿಗೆ ನೀಲಿ ಗೆರೆಯ ಬಟ್ಟೆಯೊಂದು ಹಿಡಿಸಿತು. ಅತ್ತಿಗೆ ಅಂಗಡಿಯಿಂದ ಆ ಬಟ್ಟೆಯ ಸುರುಳಿಯನ್ನೇ, ಇಡೀ ತಾನನ್ನೇ ತಂದು ಆರು ಅಂಗಿ ಹೊಲಿದಳು. ಅಪ್ಪ ಆಮೇಲೆ ಬೇರೆ ಅಂಗಿ ಮುಟ್ಟಲಿಲ್ಲ.

ಕೊನೆಗೊಂದು ದಿನ ನನ್ನನ್ನೂ ಎಳೆದುಕೊಂಡು ಅಂಗಡಿಗೆ ನಡೆದಳು. ಎರಡು ಡಿಸ್ಕಿನ ಡಬ್ಬಿ ತೋರಿಸಿ, "ಇದಕ್ಕಿಂತ ದೊಡ್ಡದು ಕೊಡಿ," ಎಂದಳು.

ಅಂಗಡಿಯವನು ನಕ್ಕ. "ಮನೆ ಫೋಟೋಗಳಿಗೆ ಇದೇ ಸಾಕು ಮೇಡಂ. ಒಂದರಲ್ಲಿ ಇರೋದೆಲ್ಲ ಇನ್ನೊಂದರಲ್ಲೂ ಇರುತ್ತೆ. ಒಂದು ಕೆಟ್ಟರೂ ಚಿಂತೆ ಇಲ್ಲ."

"ಗೊತ್ತಾಗದೆ ಏನಾದ್ರೂ ಅಳಿಸಿಬಿಟ್ರೆ?"

"ಎರಡರಲ್ಲೂ ಹೋಗುತ್ತೆ."

"ಹಂಗಂದ್ರೆ ಇದು ಮಡಿಸಿಟ್ಟ ಬಟ್ಟೆ. ಕತ್ತರಿ ತಪ್ಪಿದ್ರೆ ಎರಡೂ ಪದರ ಹಾಳು. ನನಗೆ ಬೇರೆ ತುಂಡೇ ಬೇಕು."

ಅಂಗಡಿಯವನ ನಗು ನಿಂತಿತು. ಡಬ್ಬಿಯ ಜೊತೆಗೆ, ನಕಲು ಮಾಡಿ ಬಿಚ್ಚಿ ಎತ್ತಿಡುವಂಥ ಡಿಸ್ಕೊಂದನ್ನೂ ಕೊಟ್ಟ. ಮರುದಿನವೇ ಅತ್ತಿಗೆ ಮುಖ ಗಂಟುಹಾಕಿಕೊಂಡು ಚಿಕ್ಕವಳ ಮನೆಗೆ ಹೋಗಿ, ಅಲ್ಲಿದ್ದ ಅಷ್ಟೂ ಫೋಟೋಗಳನ್ನು ಆ ಡಿಸ್ಕಿಗೆ ತುಂಬಿಸಿಕೊಂಡು ಬಂದಳು. ತನ್ನ ಡಬ್ಬಿಗೂ ಹಾಕಿ, ಡಿಸ್ಕನ್ನು ಮಷೀನಿನ ಡ್ರಾಯರಿನಲ್ಲಿಟ್ಟಳು.

ಭಾನುವಾರ ಬಂತು. ಅಮ್ಮ ಚಪ್ಪಲಿ ಮೆಟ್ಟಿಕೊಂಡಳು.

"ಇಲ್ಲೇ ಇದೆಯಲ್ಲ ಅತ್ತೆ!"

"ಅಲ್ಲಿ ಟಿವಿ ದೊಡ್ಡದು ಕಣೆ."

ಅತ್ತಿಗೆ ಆ ದಿನವೆಲ್ಲ ಮಷೀನು ತುಳಿದಳು.

ಹೀಗೇ ಎರಡು ತಿಂಗಳು ಕಳೆಯಿತು. ಒಂದು ಭಾನುವಾರ ನಾವೆಲ್ಲ ಚಿಕ್ಕತ್ತಿಗೆಯ ಮನೆಯಲ್ಲಿ ಸೇರಿದ್ದೆವು. ಟಿವಿಯಲ್ಲಿ ಮಕ್ಕಳು ಬಂದರು, ಸಮುದ್ರ ಬಂತು, ಅಣ್ಣನ ಹಳೇ ಸ್ಕೂಟರ್ ಬಂತು. ಅಪ್ಪ ಬರಲಿಲ್ಲ.

"ಇವರೆಲ್ಲಿ?" ಎಂದಳು ಅಮ್ಮ.

ಚಿಕ್ಕತ್ತಿಗೆಯ ಮುಖ ಬಿಳಿಚಿಕೊಂಡಿತು. "ಒಂದೇ ಫೋಟೋ ಹತ್ತತ್ತು ಸಲ ಸೇರಿಕೊಂಡಿದೆ ಅಂತ ಮೊನ್ನೆ ಒಟ್ಟಿಗೆ ಅಳಿಸಿದೆ ಅತ್ತೆ. ಸಣ್ಣದಾಗಿ ಕಾಣೋವಾಗ ಎಲ್ಲದರಲ್ಲೂ ಅದೇ ನೀಲಿ ಗೆರೆ. ಸರಿಯಾಗಿ ನೋಡಲೇ ಇಲ್ಲ. ಈಗ ಎರಡು ಡಿಸ್ಕಲ್ಲೂ ಇಲ್ಲ."

ಅಮ್ಮ ದೊಡ್ಡ ಸೊಸೆಯ ಕಡೆ ತಿರುಗಿದಳು. "ನಿನ್ನ ಹತ್ರ ಇದೆಯಲ್ಲ. ಇನ್ಮೇಲೆ ಅಲ್ಲೇ ನೋಡ್ತೀನಿ ಬಿಡು."

ಅತ್ತಿಗೆ ಕಾದಿದ್ದದ್ದೇ ಈ ಮಾತಿಗೆ. ಅವಳ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಸಿಟ್ಟೇ ಬಂತು.

ಚಿಕ್ಕತ್ತಿಗೆ ಅಳತೊಡಗಿದಳು. "ಹೋಗಿ ಅತ್ತೆ, ಅಲ್ಲೇ ನೋಡಿ. ಮಾವನ ಮೈಮೇಲೆಲ್ಲ ಅಕ್ಕನ ಹೆಸರೇ. ಅದನ್ನ ಕೇಳಿ ಕೇಳಿ ಹೊಟ್ಟೆ ಉರೀತಿತ್ತು. ಮಾವ ನಮ್ಮನೇಲೂ ಇರಲಿ ಅಂತಲೇ ನಾನು ಈ ಡಬ್ಬಿ ತಂದಿದ್ದು."

ದೊಡ್ಡತ್ತಿಗೆ ಕೊರಳ ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ಎದ್ದು ಮನೆಗೆ ಹೋಗಿ, ಡ್ರಾಯರಿನಲ್ಲಿದ್ದ ಡಿಸ್ಕು ತಂದು ಚಿಕ್ಕವಳ ಡಬ್ಬಿಗೇ ಸಿಕ್ಕಿಸಿದಳು. ತುಸು ಹೊತ್ತಿನಲ್ಲಿ ಅಪ್ಪ ನೀಲಿ ಗೆರೆಯ ಅಂಗಿಯಲ್ಲಿ ಟಿವಿ ತುಂಬ ನಿಂತ.

ಅತ್ತಿಗೆ ಟಿವಿಯ ಹತ್ತಿರ ಹೋಗಿ ಅಪ್ಪನ ಎದೆಯ ಮೇಲೆ ಬೆರಳಿಟ್ಟಳು.

"ಗುಂಡಿ ನೋಡಿ ಅತ್ತೆ. ಆರು ಅಂಗಿಗೂ ಗುಂಡಿ ಹಾಕಿದ್ದು ಇವಳು. ನಾನೇ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ."