ನೀಲಿ ಡಬ್ಬಿಯೋ, ಹಸಿರು ಡಬ್ಬಿಯೋ

ನನಗೆ ಬದನೆಕಾಯಿ ಆರಿಸಲು ಬರುವುದಿಲ್ಲ. ಹೊರಗೆ ಮಿರಮಿರ ಮಿಂಚುವ, ತೊಟ್ಟು ಹಸಿರಾಗಿರುವ, ನೋಡಿದರೆ ಮುದ್ದು ಬರುವಂಥದನ್ನೇ ಹುಡುಕಿ ತರುತ್ತೇನೆ. ಮನೆಗೆ ಬಂದು ಹೆಚ್ಚಿದರೆ ಒಳಗೆ ಹುಳುವೊಂದು ಆಗಲೇ ಸಂಸಾರ ಹೂಡಿರುತ್ತದೆ. ಜಯನಗರದ ಮಾರುಕಟ್ಟೆಯಲ್ಲಿ ನಾನು ಒಂದೊಂದೇ ಕಾಯಿಯನ್ನು ಎತ್ತಿ, ತಿರುಗಿಸಿ, ಮತ್ತೆ ಇಡುವುದನ್ನು ನೋಡಿ ನೋಡಿ ಬೇಸತ್ತ ತರಕಾರಿಯವಳೊಬ್ಬಳು, "ಎಷ್ಟೊತ್ತು ನೋಡ್ತೀಯಣ್ಣ, ಅದೇನ್ ಹೆಣ್ ನೋಡಕ್ ಬಂದಿದ್ದೀಯಾ?" ಎಂದು ಗದರಿದ್ದೂ ಉಂಟು. ಅವಳಿಗೆ ಗೊತ್ತಿಲ್ಲ, ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ಹೊತ್ತು ನೋಡಿರಲಿಲ್ಲ. ತಲೆ ಬಗ್ಗಿಸಿಕೊಂಡು ಅವಲಕ್ಕಿ ತಿಂದು ಬಂದಿದ್ದೆ.

ಇಂಥ ನಾನು ಒಂದು ಕಾಲದಲ್ಲಿ ಕಂಪ್ಯೂಟರಿನ ಪ್ರೊಸೆಸರ್ ಆರಿಸಲು ಹೊರಟಿದ್ದೆ ಎಂದರೆ ನೀವು ನಗುತ್ತೀರಿ. ಬದನೆಕಾಯಿಯನ್ನಾದರೂ ಹಿಸುಕಿ ನೋಡಬಹುದು. ಪ್ರೊಸೆಸರನ್ನು ಹಿಸುಕುವ ಹಾಗಿಲ್ಲ, ಮೂಸುವ ಹಾಗಿಲ್ಲ. ಬೆಂಕಿಪೊಟ್ಟಣದಷ್ಟೂ ದಪ್ಪವಿಲ್ಲದ ಒಂದು ಬಿಲ್ಲೆ, ಅದಕ್ಕೆ ಮುಸುಕು ಹೊದಿಸಿದಂತೆ ಒಂದು ದೊಡ್ಡ ಡಬ್ಬಿ. ಡಬ್ಬಿ ನೋಡಿಯೇ ತೀರ್ಮಾನಿಸಬೇಕು.

ಹೊಸ ಸಹಸ್ರಮಾನಕ್ಕೆ ಇನ್ನೂ ಹಾಲುಹಲ್ಲು ಬೀಳದ ಕಾಲ ಅದು. ನಮಗೆ ಮದುವೆಯಾಗಿ ಆರೇಳು ತಿಂಗಳಾಗಿತ್ತು. ನಾನು ಗದಗಿನ ಕಡೆಯವನು, ಬಿ.ಟಿ.ಎಂ. ಲೇಔಟಿನ ಒಂದು ವಿಮೆಯ ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಶೈಲಾ ಧಾರವಾಡದವಳು. ಸುದ್ದಗುಂಟೆಪಾಳ್ಯದಲ್ಲಿ ಪಾಪಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಪಾಪಮ್ಮನವರು ಹಿಂದೆ ಅಲ್ಲಿಯೇ ರಾಗಿ ಬೆಳೆಯುತ್ತಿದ್ದವರು. ಹೊಲ ಹೋಗಿ ಲೇಔಟು ಬಂದ ಮೇಲೆ ಬಾಡಿಗೆ ಮನೆಗಳನ್ನು ಬೆಳೆಯುತ್ತಿದ್ದರು. ಬೆಳೆಗೆ ತೋರಿಸುತ್ತಿದ್ದ ಅಕ್ಕರೆಯನ್ನೇ ಬಾಡಿಗೆಯವರಿಗೂ ತೋರಿಸುತ್ತಿದ್ದರು.

ನನ್ನ ಸಂಸಾರದಲ್ಲಿ ಎಲ್ಲವೂ ಸರಿಯಾಗಿತ್ತು, ಅದೇ ನನ್ನ ಚಿಂತೆಯಾಗಿತ್ತು. ಶೈಲಾ ಯಾವುದಕ್ಕೂ ಬೇಡ ಅನ್ನುತ್ತಿರಲಿಲ್ಲ, ಬೇಕು ಅಂತಲೂ ಅನ್ನುತ್ತಿರಲಿಲ್ಲ. ಏನು ಪಲ್ಯ ಮಾಡೋಣ ಎಂದರೆ, "ನಿಮಗ ಹೆಂಗ ಅನಸ್ತದ ಹಂಗ." ಯಾವ ಸೀರೆ ತೆಗೆದುಕೊಳ್ಳುತ್ತೀ ಎಂದರೆ, "ನೀವ ನೋಡ್ರಿ." ಕಿಟಕಿಗೆ ಪರದೆ ಬೇಕಾದಾಗ ನಾನು ಕಾಫಿ ಗಸಿಯ ಬಣ್ಣದ ಬಟ್ಟೆಯೊಂದನ್ನು ಎತ್ತಿ ತೋರಿಸಿದೆ, ಅವಳು ತಲೆಯಾಡಿಸಿದಳು, ಅದೇ ಮನೆಗೆ ಬಂತು. ಆ ಪರದೆ ಚೆನ್ನಾಗಿದೆಯೆಂದು ಅವಳು ಹೇಳಲಿಲ್ಲ, ಚೆನ್ನಾಗಿಲ್ಲವೆಂದೂ ಹೇಳಲಿಲ್ಲ. ನೆಂಟರ ಮನೆಯಲ್ಲಿ ನಾಲ್ಕು ದಿನ ಇದ್ದು ಹೋಗುವವರು ಹೀಗಿರುತ್ತಾರೆ. ಇವಳು ಯಾವಾಗ ನಮ್ಮ ಮನೆಯವಳಾಗುತ್ತಾಳೋ ಎಂದು ನನಗೆ ನಿಜಕ್ಕೂ ಅಳುಕಾಗುತ್ತಿತ್ತು.

ಒಂದು ಭಾನುವಾರ ಊರಿನ ಗೆಳೆಯನಿಗೆ ಇ-ಮೇಲ್ ಕಳಿಸಲು ಬ್ರೌಸಿಂಗ್ ಸೆಂಟರಿಗೆ ಹೋದೆವು. ನನ್ನ ಪುಟ ತೆರೆದುಕೊಳ್ಳಲು ತನ್ನದೇ ಸಮಯ ತೆಗೆದುಕೊಳ್ಳುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡುತ್ತೇನೆ, ಶೈಲಾ ಕಾರಿನ ರೇಸ್ ಆಡುತ್ತಿದ್ದಾಳೆ! ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತುದಿನಾಲಗೆ ಕಚ್ಚಿಕೊಂಡು, ತಿರುವಿನಲ್ಲಿ ತಾನೂ ವಾಲುತ್ತಾ ಎದುರಾಳಿಯ ಕಾರನ್ನು ಕಂದಕಕ್ಕೆ ತಳ್ಳುತ್ತಿದ್ದಾಳೆ. ಧಾರವಾಡದಲ್ಲಿ ಅವಳ ಕಾಕಾ ಒಂದು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರಂತೆ. ಅಲ್ಲಿ ಕೆಟ್ಟ ಯಂತ್ರ ಬಿಚ್ಚುವುದು, ಜೋಡಿಸುವುದು, ಜೋಡಿಸಿದ್ದು ಓಡುತ್ತದೋ ಇಲ್ಲವೋ ಎಂದು ಪರೀಕ್ಷಿಸುವ ನೆಪದಲ್ಲಿ ಆಟವಾಡುವುದು ಇವಳ ಪಾಲಿನ ಕೆಲಸ. ಅವತ್ತು ಆ ಮುಖದಲ್ಲಿ ಕಂಡ ಬೆಳಕನ್ನು ನಾನು ಮದುವೆಯ ಫೋಟೋಗಳಲ್ಲೂ ಕಂಡಿರಲಿಲ್ಲ. ಮನೆಗೆ ಒಂದು ಕಂಪ್ಯೂಟರ್ ಬೇಕು, ಅದೂ ಆಟಕ್ಕೆ ತಕ್ಕ ಕಂಪ್ಯೂಟರ್ ಎಂದು ಅಲ್ಲೇ ನಿಶ್ಚಯಿಸಿದೆ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದರೆ ಚೆನ್ನ ಎಂದು ಅವಳು ಹೇಳಿದಳು. ಯಾವ ಪ್ರೊಸೆಸರ್ ಎಂದು ಕೇಳಿದೆ. "ನೀವ ನೋಡ್ರಿ," ಎಂದಳು.

ನೋಡತೊಡಗಿದೆ. ಪ್ರೊಸೆಸರ್ ಎಂದರೆ ಕಂಪ್ಯೂಟರಿನ ಮಿದುಳು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ನನ್ನನ್ನು ಕೇಳಿದರೆ ಅದು ಮದುವೆಮನೆಯ ಅಡಿಗೆಭಟ್ಟ. ಪಾತ್ರೆ ಎಷ್ಟೇ ದೊಡ್ಡದಿರಲಿ, ಬಡಿಸುವವರು ಎಷ್ಟೇ ಚುರುಕಾಗಿರಲಿ, ಭಟ್ಟ ಮಂದನಾದರೆ ಪಂಕ್ತಿಯಲ್ಲಿ ಕೂತವರು ಉಪ್ಪು ಉಪ್ಪಿನಕಾಯಿ ನೆಕ್ಕುತ್ತಾ ಕೂತೇ ಇರಬೇಕು. ಆಗ ಪೇಟೆಯಲ್ಲಿ ಇದ್ದದ್ದು ಮುಖ್ಯವಾಗಿ ಎರಡು ಕಂಪನಿಯ ಭಟ್ಟರು, ಒಬ್ಬರದು ನೀಲಿ ಡಬ್ಬಿ, ಇನ್ನೊಬ್ಬರದು ಹಸಿರು. ನೀಲಿಯ ಮೇಲೆ ದೊಡ್ಡ ದೊಡ್ಡ ಗಿಗಾಹರ್ಟ್ಸ್, ಎಂದರೆ ವೇಗದ ಅಂಕಿ. ಹಸಿರಿನವರು, ನಮ್ಮ ಅಂಕಿ ಚಿಕ್ಕದು, ಬೆಲೆಯೂ ಕಡಿಮೆ, ಆದರೂ ಕೆಲಸ ಅಷ್ಟೇ ಆಗುತ್ತದೆ ಎನ್ನುತ್ತಿದ್ದರು. ಒಬ್ಬ ಭಟ್ಟ ಸೌಟನ್ನು ಬೇಗ ಬೇಗ ತಿರುಗಿಸುತ್ತಾನೆ, ಇನ್ನೊಬ್ಬ ನಿಧಾನವಾದರೂ ಒಂದೊಂದು ಸಲಕ್ಕೂ ಸೌಟು ತುಂಬ ಎತ್ತುತ್ತಾನೆ, ವ್ಯತ್ಯಾಸ ಇಷ್ಟೇ. ಇದು ಅರ್ಥವಾಗಲು ನನಗೆ ಬಹಳ ದಿನ ಹಿಡಿಯಿತು. ಇನ್ನೊಂದು ತೊಡಕೂ ಇತ್ತು. ನೀಲಿಯನ್ನು ಕೂರಿಸುವ ಬೋರ್ಡೇ ಬೇರೆ, ಹಸಿರಿನದೇ ಬೇರೆ. ಒಮ್ಮೆ ಒಂದರ ಕೈ ಹಿಡಿದರೆ ಇನ್ನೊಂದರ ಕಡೆ ತಿರುಗಿ ನೋಡುವ ಹಾಗಿಲ್ಲ. ಜಾತಕ ಕೂಡಿಸುವವರೂ ಇಷ್ಟು ಕಟ್ಟುನಿಟ್ಟು ಮಾಡುವುದಿಲ್ಲ.

ಕಚೇರಿಯ ಗೆಳೆಯ ಮಂಜು ನೀಲಿಯ ಭಕ್ತ. ಚಹಾ ಅಂಗಡಿಯಲ್ಲಿ ನಿಂತು, "ಮಗಾ, ಹಸಿರು ಸಖತ್ ಬಿಸಿ ಆಗತ್ತೆ. ಅದ್ರ ಮೇಲೆ ದೋಸೆ ಹುಯ್ಕೋಬೋದು ಅಷ್ಟೆ," ಎಂದು ಹೆದರಿಸಿದ. ಹೆದರುವುದು ನನಗೆ ಸುಲಭವಾಗಿ ಬರುತ್ತದೆ. ನೀಲಿಯೇ ಸರಿ ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಶೈಲಾಳಿಗೂ ಹಾಗೆಯೇ ಹೇಳಿದೆ.

ಕಂಪ್ಯೂಟರ್ ಬಿಡಿಭಾಗಗಳಿಗೆ ಹೆಸರಾದ ಎಸ್.ಪಿ. ರೋಡಿನ ಅಂಗಡಿಯಾತ ನಮ್ಮ ಮುಂದೆ ಎರಡೂ ಡಬ್ಬಿ ಇಟ್ಟ. "ಸಾರ್, ಬ್ಲೂ ಕಣ್ಮುಚ್ಕೊಂಡ್ ತಗೊಳ್ಳಿ," ಎಂದ. ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳುವುದು ನನಗೆ ತುಂಬ ಹಿಡಿಸುವ ವಿಧಾನ. ಕೈ ಚಾಚಿದೆ. ಆಗ ಪಕ್ಕದಿಂದ ಒಂದು ದನಿ ಬಂತು.

"ನನಗ ಹಸರು ಡಬ್ಬೀದು ಬೇಕ್ರಿ."

ಬೇರೆ ಯಾರೋ ಗಿರಾಕಿ ಎಂದುಕೊಂಡು ತಿರುಗಿದೆ. ಶೈಲಾ! ಅವಳಿಗೂ ಆಶ್ಚರ್ಯವಾದಂತಿತ್ತು, ಕಿವಿ ಕೆಂಪಾಗಿತ್ತು. ಆದರೆ ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಮೇಡಂ, ಅದು ಹೀಟ್ ಜಾಸ್ತಿ. ಆಮೇಲೆ ನನ್ನ ಬೈಬಾರ್ದು," ಎಂದ ಅಂಗಡಿಯಾತ.

"ಬೈಯೂದಿಲ್ರಿ. ಒಂದು ಛಲೋ ಫ್ಯಾನ್ ಕೊಡ್ರಿ. ಆಟಕ್ಕ ಇದು ಜೋರ ಓಡ್ತದ. ಉಳದ ರೊಕ್ಕದಾಗ ಛಲೋ ಗ್ರಾಫಿಕ್ಸ್ ಕಾರ್ಡ್ ಬರ್ತದ."

ಆರೇಳು ತಿಂಗಳಲ್ಲಿ ನಾನು ಕೇಳಿದ ಮೊದಲ 'ಬೇಕು' ಅದು. ಮಂಜುವಿನ ದೋಸೆ ನೆನಪಾಯಿತು. ಆದರೂ ನೀಲಿ ಡಬ್ಬಿಯನ್ನು ಆಚೆ ತಳ್ಳಿದೆ. ಬಸ್ಸಿನಲ್ಲಿ ಅವಳು ಹಸಿರು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದು ಕೂತಿದ್ದಳು. ನಾನು ಮಾತ್ರ, ದೇವರೇ ಇದು ಕೆಡದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಂತ್ರ ಕೆಟ್ಟರೆ ಇನ್ನೊಂದು ತಂದೇವು. ಬಾಯಿಬಿಟ್ಟು ಕೇಳಿದ ಮೊದಲ ವಸ್ತುವೇ ಕೆಟ್ಟರೆ ಇವಳು ಇನ್ನು ಜೀವಮಾನದಲ್ಲಿ ಏನನ್ನೂ ಕೇಳಲಾರಳು ಎಂಬುದು ನನ್ನ ಭಯವಾಗಿತ್ತು.

ಜೋಡಿಸಲು ಆಯುಧಪೂಜೆಯ ದಿನವನ್ನೇ ಆರಿಸಿಕೊಂಡೆವು. ಕೆಳಗೆ ಪಾಪಮ್ಮನವರ ಮನೆಯಲ್ಲಿ ಪೂಜೆಯ ಸಡಗರ. ನೇಗಿಲು ಇದ್ದ ಕಾಲದಲ್ಲಿ ನೇಗಿಲಿಗೆ ಸಲ್ಲುತ್ತಿದ್ದ ಗೌರವ ಈಗ ನೀರಿನ ಮೋಟರಿಗೆ, ಮಿಕ್ಸಿಗೆ, ಮಗನ ಟೆಂಪೋಗೆ ಹಂಚಿಹೋಗಿತ್ತು. ಬೀದಿಯ ತುಂಬ ಬೂದುಗುಂಬಳಕಾಯಿ, ಸೇವಂತಿಗೆ. ಮಹಡಿಯಲ್ಲಿ ಶೈಲಾ ಚಾಪೆ ಹಾಸಿ ಪದ್ಮಾಸನದಲ್ಲಿ ಕೂತು ಪ್ರೊಸೆಸರನ್ನು ಬೋರ್ಡಿಗೆ ಕೂರಿಸಿದಳು. ಅದರ ಶಾಖ ಹೀರಲು ಮೇಲೊಂದು ಅಲ್ಯೂಮಿನಿಯಂ ಗಟ್ಟಿಯನ್ನು ಒತ್ತಿ ಹಾಕಿ, ಅದಕ್ಕೆ ಫ್ಯಾನು ಕಟ್ಟಬೇಕು. ಎರಡರ ನಡುವೆ ಗಾಳಿ ಸೇರದಿರಲೆಂದು ಗಟ್ಟಿಯ ತಳಕ್ಕೆ ಬಿಳಿಯ ಪೇಸ್ಟು ಬಳಿಯಬೇಕು. ಬಳಿದು, ಪೇಸ್ಟು ಮೇಲೆ ಬರುವಂತೆ ಬೋರಲಾಗಿ ಇಟ್ಟು, ಕೈತೊಳೆಯಲು ಒಳಗೆ ಹೋದಳು. ನಾನು ಸ್ಕ್ರೂಡ್ರೈವರ್ ಕೇಳಿ ತರಲು ಕೆಳಗಿಳಿದೆ. ವಾಪಸು ಬರುವಾಗ ಮೆಟ್ಟಿಲಲ್ಲಿ ಹರಿವಾಣ ಹಿಡಿದ ಪಾಪಮ್ಮನವರು ಎದುರಾದರು. "ಪೂಜೆ ಆಯ್ತಪ್ಪ, ಇನ್ ಸುರು ಮಾಡ್ಕಳಿ," ಎಂದರು. ಅವರ ಮನೆಯ ಪೂಜೆಯ ಮಾತು ಎಂದು ತಿಳಿದು ನಮಸ್ಕಾರ ಮಾಡಿದೆ.

ಶೈಲಾ ಗಟ್ಟಿಯನ್ನು ಎತ್ತಿ, ತಿರುವಿ, ಪ್ರೊಸೆಸರ್ ಎಲ್ಲಿ ಬಿರುಕು ಬಿಡುತ್ತದೋ ಎಂದು ಅದರ ಮೇಲೆಯೇ ಕಣ್ಣಿಟ್ಟು ಒತ್ತಿ ಕೂರಿಸಿದಳು. ಯಂತ್ರ ಹೊತ್ತಿಕೊಂಡಿತು. ಸಾಫ್ಟ್‌ವೇರ್ ಎಲ್ಲ ತುಂಬಿಸಿ ಆಟ ಶುರು ಮಾಡಿದೆವು. ಮೊದಲನೆಯ ತಿರುವು ದಾಟುವಷ್ಟರಲ್ಲಿ ಮಾನಿಟರ್ ಕಪ್ಪಾಯಿತು. ಆರಿಸಿ, ಕಾದು, ಮತ್ತೆ ಹಚ್ಚಿದೆವು. ಮತ್ತೆ ಅದೇ ತಿರುವಿನ ಹತ್ತಿರ ಕಪ್ಪು. ಗಟ್ಟಿಯ ಪಕ್ಕ ಬೆರಳಿಟ್ಟ ಶೈಲಾ ಚುರ್ ಎಂದು ಕೈ ಹಿಂದೆಗೆದಳು. ಮಂಜುವಿನ ದೋಸೆಹಂಚು!

"ನೀವ ಹೇಳಿದ್ರಿ ನೀಲಿ ತರೋಣು ಅಂತ. ನಾನ ನಡುವ ಬಾಯಿ ಹಾಕಿದೆ," ಎಂದಳು. ದನಿ ತಗ್ಗಿತ್ತು. "ಇನ್ನ ಮ್ಯಾಲ ಎಲ್ಲಾ ನೀವ ನೋಡ್ರಿ."

ಯಾವ ಮಾತಿಗೆ ನಾನು ಹೆದರಿದ್ದೆನೋ ಅದೇ ಮಾತು. ಸಾಮಾನ್ಯವಾಗಿ ಗಂಡಸರಿಗೆ ತುಂಬ ಸಿಹಿಯಾಗಿ ಕೇಳುವ ಮಾತೊಂದಿದೆ, 'ನೀವು ಹೇಳಿದ್ದೇ ಸರಿ' ಅನ್ನುವುದು. ಅವತ್ತು ಅದು ನನಗೆ ಬೇಡವೇ ಬೇಡವಾಗಿತ್ತು. ಹಸಿರು ಡಬ್ಬಿಯ ಪರವಾಗಿ ವಾದಕ್ಕೆ ನಿಂತೆ. ಅದರಂಥ ಪ್ರೊಸೆಸರೇ ಇಲ್ಲ ಎಂದೆ. ಅದರ ಸೌಟು, ಅದರ ತಾಕತ್ತು ಎಲ್ಲ ಹೊಗಳಿದೆ. ಕಕ್ಷಿದಾರನ ಮೇಲೆ ಕಿಂಚಿತ್ತೂ ನಂಬಿಕೆಯಿಲ್ಲದ ವಕೀಲ ಅಷ್ಟು ಗಟ್ಟಿಯಾಗಿ ವಾದಿಸಿದ್ದನ್ನು ಆ ಮಹಡಿ ಹಿಂದೆ ಕೇಳಿರಲಾರದು. "ಬೇರೆ ಏನೋ ಆಗೇದ. ನಿನ್ನ ಪ್ರೊಸೆಸರ್ದು ತಪ್ಪಿಲ್ಲ. ಇನ್ನೊಮ್ಮೆ ಬಿಚ್ಚಿ ನೋಡು," ಎಂದು ಸ್ಕ್ರೂಡ್ರೈವರನ್ನು ಅವಳ ಕೈಗೆ ಕೊಟ್ಟೆ.

ಮನಸ್ಸಿಲ್ಲದ ಮನಸ್ಸಿನಿಂದ ಬಿಚ್ಚಿದಳು. ಗಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಬಿಳಿಯ ಪೇಸ್ಟಿನ ನಡುವೆ ಅರಿಸಿನ ಹಚ್ಚಿದ ಎರಡು ಅಕ್ಕಿಕಾಳು ಅಂಟಿಕೊಂಡಿದ್ದವು. ಒಂದು ಇಡಿಯಾಗಿತ್ತು, ಇನ್ನೊಂದು ನಜ್ಜುಗುಜ್ಜಾಗಿತ್ತು.

ಪಾಪಮ್ಮನವರನ್ನು ಕರೆದೆವು. ಅವರಿಗೆ ನಮ್ಮ ಗಾಬರಿಯೇ ಅರ್ಥವಾಗಲಿಲ್ಲ. "ಗಂಧ ತೇದು ಬಳ್ದು ಇಟ್ಟಿದ್ರಲ್ಲಮ್ಮ? ಅಕ್ಸತೆ ಹಾಕೋದ್ ಮರ್ತೋಗವ್ರೆ ಅಂದ್ಕಂಡು ನಾನೇ ಎರಡ್ ಕಾಳ್ ಹಾಕ್ದೆ. ಒಳ್ಳೇದಾಗ್ಲಿ ಅಂತ."

ಅಕ್ಷತೆ ಎಂದರೆ ಮುರಿಯದ ಅಕ್ಕಿ, ಹರಸುವಾಗ ನುಚ್ಚು ಹಾಕಬಾರದು ಎಂದು ಹಿರಿಯರು ಹೇಳುವುದುಂಟು. ಇಲ್ಲಿ ಅಕ್ಕಿ ಮುರಿದು ಪ್ರೊಸೆಸರ್ ಉಳಿದಿತ್ತು. ಆ ಎರಡು ಕಾಳುಗಳಷ್ಟು ಸಂದಿನಲ್ಲಿ ಗಾಳಿ ಸೇರಿ, ಶಾಖ ಹೋಗಲು ದಾರಿಯಿಲ್ಲದೆ, ಬೋರ್ಡು ಬುದ್ಧಿವಂತಿಕೆಯಿಂದ ತಾನೇ ಆರಿಹೋಗುತ್ತಿತ್ತು. ಶೈಲಾ ಮೊದಲು ಕಾಳನ್ನು ನೋಡಿದಳು, ಆಮೇಲೆ ಪಾಪಮ್ಮನವರನ್ನು ನೋಡಿದಳು, ಆಮೇಲೆ ಚಾಪೆಯ ಮೇಲೆ ಕೂತುಬಿಟ್ಟು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಏನೂ ತಿಳಿಯದ ಪಾಪಮ್ಮನವರೂ ನಕ್ಕರು. ನಾನು ನಗಲಿಲ್ಲ, ನನಗೆ ಬಂದದ್ದು ನಿಟ್ಟುಸಿರು.

ಗಟ್ಟಿಯನ್ನು ಒರೆಸಿ, ಹೊಸ ಪೇಸ್ಟು ಬಳಿದು ಮತ್ತೆ ಜೋಡಿಸಿದಳು. ಈ ಸಲ ಪಾಪಮ್ಮನವರ ಅಕ್ಷತೆಗೆ ಕಂಪ್ಯೂಟರಿನ ಡಬ್ಬದ ನೆತ್ತಿಯ ಮೇಲೆ ಜಾಗ ಗೊತ್ತುಮಾಡಿಕೊಟ್ಟೆವು. ಆಟ ಶುರುವಾಯಿತು. ಮೊದಲ ತಿರುವು ದಾಟಿತು. ಎರಡನೆಯದೂ ದಾಟಿತು. ಹಸಿರು ಡಬ್ಬಿಯ ಭಟ್ಟ ಸೌಟು ತುಂಬ ತುಂಬ ಬಡಿಸತೊಡಗಿದ. ಮಧ್ಯಾಹ್ನದ ಬಿಸಿಲು ಪಶ್ಚಿಮದ ಕಿಟಕಿಯಿಂದ ನೇರವಾಗಿ ಮಾನಿಟರಿನ ಮೇಲೆ ಬೀಳುತ್ತಿತ್ತು.

"ಆ ಪರದಿ ಸ್ವಲ್ಪ ಎಳೀರಿ," ಎಂದಳು.

ಎದ್ದು ಎಳೆದೆ. ಕೋಣೆಯೆಲ್ಲ ಕಾಫಿ ಗಸಿಯ ಬಣ್ಣಕ್ಕೆ ತಿರುಗಿತು. ಅವಳು ರಸ್ತೆಯಿಂದ ಕಣ್ಣು ಕೀಳದೆ, ತಿರುವಿಗೆ ತಕ್ಕಂತೆ ಎಡಕ್ಕೆ ವಾಲುತ್ತಾ ಹೇಳಿದಳು:

"ಈ ಪರದಿ ಬಣ್ಣ ನನಗ ಒಂದೀಟೂ ಸೇರಂಗಿಲ್ಲ ನೋಡ್ರಿ. ತಂದ ದಿನದಿಂದ ಸೇರಿಲ್ಲ."

ನನ್ನ ಅಭಿರುಚಿಯನ್ನು ಯಾರಾದರೂ ಹೀಗೆ ನೆಲಕ್ಕೆ ಹಾಕಿ ಒರೆಸಿದ್ದಕ್ಕೆ ಕುಣಿಯುವಷ್ಟು ಸಂತೋಷವಾದದ್ದು ಅದೇ ಮೊದಲು. ಪರದೆಯ ಅಂಚು ಹಿಡಿದುಕೊಂಡೇ ಕೇಳಿದೆ, "ಮತ್ತೇನೇನು ಸೇರಂಗಿಲ್ಲ?"

"ತಡೀರಿ, ಈ ರೇಸ್ ಮುಗೀಲಿ, ಒಂದೊಂದ ಹೇಳ್ತೀನಿ."

ರೇಸು ಎಂದೋ ಮುಗಿಯಿತು, ಆ ಕಂಪ್ಯೂಟರೂ ಗುಜರಿಗೆ ಹೋಗಿ ಕಾಲವಾಯಿತು. ಹೇಳುವುದು ಮಾತ್ರ ಇನ್ನೂ ಮುಗಿದಿಲ್ಲ, ನಾನು ತರುವ ಬದನೆಕಾಯಿ ಸದ್ಯಕ್ಕೆ ಪಟ್ಟಿಯ ಮೊದಲಲ್ಲಿದೆ. ದೇವರ ದಯೆಯಿಂದ ಆ ಪಟ್ಟಿ ಮುಗಿಯುವ ಲಕ್ಷಣವೂ ಕಾಣುತ್ತಿಲ್ಲ.