ಶಾಂತಕ್ಕನ ಪುಟುಪುಟು

ಶಾಂತಕ್ಕ ಬರುವುದು ಮೆಟ್ಟಿಲ ಸದ್ದಿನಿಂದಲೇ ಗೊತ್ತಾಗುತ್ತಿತ್ತು. ಮೈ ದಪ್ಪ, ಹೆಜ್ಜೆ ಮಾತ್ರ ಚಿಕ್ಕ ಹುಡುಗಿಯದು. ಬೀದರ ಕಡೆಯವರು, ಗಂಡನಿಗೆ ವಾಳೂಜಿನ ಕಾರ್ಖಾನೆಯಲ್ಲಿ ಕೆಲಸ. ಮರಾಠಿ ನಾಡಿನ ಸಂಭಾಜಿನಗರದಲ್ಲಿ ನಮ್ಮ ಎದುರುಮನೆ. ಮಕ್ಕಳಿರಲಿಲ್ಲ. ನಾನು ಬ್ಯಾಂಕಿಗೆ ಹೋದರೆ ನನ್ನ ಮಗಳು ಮುಕ್ತಾ ಅವರ ಸೊಂಟದ ಮೇಲೆಯೇ.

ಕೂಸು ಹೊಸ್ತಿಲು ದಾಟಿದರೆ ಕಡುಬು ಹಂಚುವುದು ಅವರ ಮನೆಯ ಪದ್ಧತಿ. ಮುಕ್ತಾ ದಾಟಿದ ದಿನ ನಾನು ಬ್ಯಾಂಕಿನಿಂದ ಬರುವಷ್ಟರಲ್ಲಿ ಇಡೀ ಬಿಲ್ಡಿಂಗಿಗೆ ಹಂಚಿ ಮುಗಿಸಿದ್ದರು. "ನಮ್ಮ ಕೂಸು ಪುಟುಪುಟು ನಡೀಲಾಕತ್ಯಾದ" ಎಂದು ಮರಾಠಿಯವರಿಗೂ ಕನ್ನಡದಲ್ಲೇ ಸಾರಿದ್ದರಂತೆ.

ಆ ಶಬ್ದದ ವಿಷಯದಲ್ಲಿ ಮಹಾ ಕಟ್ಟುನಿಟ್ಟು. ಬೆಳಿಗ್ಗೆ ಬಸ್ಸಿಗೆ ಓಡುತ್ತ, "ನಾನೂ ಪುಟುಪುಟು ಹೊಂಟೀನಿ ನೋಡ್ರಿ ಅಕ್ಕಾ" ಅಂದರೆ ಒಪ್ಪಲಿಲ್ಲ.

"ನಿಂದು ದಡಬಡ, ತಂಗಿ. ಅವಸರಕ್ಕ ಹಂಗ ಅನ್ನಬಾರದು. ಒಳಗಿನ ಖುಷಿ ಕಾಲಿಗಿ ಬಂದ್ರ ಅದು ಪುಟುಪುಟು."

ಅವರಿಗಿದ್ದದ್ದು ಒಂದೇ ಆಸೆ, ಮುಕ್ತಾಳ ಬಾಯಿಂದ ಕನ್ನಡ ಕೇಳಬೇಕು. ಅವಳಿಗೆ ಎಲ್ಲ ತಿಳಿಯುತ್ತಿತ್ತು; ಹೊಸ್ತಿಲ ಕಡುಬಿನ ಕಥೆಯನ್ನಂತೂ ಅವರಿಂದ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಉತ್ತರ ಮಾತ್ರ ಓರಗೆಯ ಮಕ್ಕಳ ಮರಾಠಿ. "ಆಜೀ, ಪಾಣೀ ದೇ" ಎಂದರೆ ಶಾಂತಕ್ಕ ಚೆಂಬು ಬಚ್ಚಿಟ್ಟು, "ನೀರು ಅನ್ನು, ಕೊಡ್ತೀನಿ" ಎನ್ನುತ್ತಿದ್ದರು. ಹಟಮಾರಿ ನಮ್ಮ ಮನೆಗೆ ಬಂದು ಕುಡಿದು ಹೋಗುತ್ತಿದ್ದಳು. ಶಾಂತಕ್ಕ ನಗುತ್ತಿದ್ದರು, ಒಳಗೆ ನೊಂದುಕೊಳ್ಳುತ್ತಲೂ ಇದ್ದರು.

ನನಗೆ ನಾಸಿಕಕ್ಕೆ ವರ್ಗವಾಯಿತು. ಹೋದ ವರ್ಷ ಶಾಂತಕ್ಕನಿಗೆ ಲಕ್ವಾ ಹೊಡೆಯಿತೆಂದು ಕೇಳಿ ಮುಕ್ತಾಳನ್ನು ಕರೆದುಕೊಂಡು ಹೋದೆ. ನಮ್ಮ ದನಿ ಕೇಳಿದ್ದೇ ವಾಕರ್ ಹಿಡಿದು ತಾವೇ ಎದ್ದು ಬಂದರು. ಒಂದು ಕಾಲು ನೆಲದ ಮೇಲೆ ಎಳೆಯುತ್ತಿತ್ತು, ಮುಖದ ತುಂಬ ನಗು. ಬಹಳ ಹೊತ್ತಿಗೆ ಹೊಸ್ತಿಲು ದಾಟಿ ಮುಕ್ತಾಳ ಗಲ್ಲ ಮುಟ್ಟಿದರು.

"ಏನಾರ ಮಾತಾಡವ್ವ."

ಅವಳು ನಾಚಿ ನನ್ನ ಬೆನ್ನ ಹಿಂದೆ ಸರಿದಳು. ನಾವು ಹೊರಡುವವರೆಗೂ ಬಾಯಿ ಬಿಡಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದವಳು ನನ್ನತ್ತ ತಿರುಗಿದಳು. ತೊದಲುತ್ತ, ಕನ್ನಡದಲ್ಲೇ ಅಂದಳು: "ಅಮ್ಮಾ, ಆಜಿ ಪುಟುಪುಟು ಬಂದ್ರು. ಕಡುಬು ಮಾಡಬೇಕು."

ನನಗೆ ಅಳು ತಡೆಯಲಾಗಲಿಲ್ಲ. ದೀಪಾವಳಿಗೆ ಕಡುಬು ಒಯ್ಯೋಣ, ಈ ಮಾತು ಅವರೆದುರೇ ಹೇಳುವೆಯಂತೆ ಎಂದೆ. ದೀಪಾವಳಿಗೆ ಮೊದಲೇ ಅವರ ಗಂಡನ ಫೋನು ಬಂತು. ವರ್ಷಗಟ್ಟಲೆ ಅವರು ಕಾದಿದ್ದ ಮಾತು ಅದು. ಅದನ್ನು ಕೇಳಿದವಳು ನಾನೊಬ್ಬಳೇ.